ಮೊದಲ ಹಾಳೆಯ ಮೇಲಿನ ಸಾಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನಾಲ್ಕು ಜನರ ಮುಂದೆ ಹೇಳುವ ವಿಷಯವೋ ಅಲ್ಲವೋ ನನಗೆ ಗೊತ್ತಿಲ್ಲ. ಇದರಲ್ಲಿ ಬರುವ ಒಬ್ಬರು ಈಗ ನಮ್ಮ ಜೊತೆ ಕೆಲಸದಲ್ಲಿಲ್ಲ, ಅವರ ಪರವಾಗಿ ಮಾತಾಡಲು ಅವರು ಎದುರಿಗೂ ಇಲ್ಲ. ನಾನೇನು ಕಂಪ್ಯೂಟರನ್ನು ಕಾಲೇಜಿನಲ್ಲಿ ಓದಿದವಳಲ್ಲ. ಹಗಲೆಲ್ಲ ಕೆಲಸ ಮಾಡಿ, ಸಂಜೆ ತರಗತಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತ ಕಲಿತವಳು. ತಾಂತ್ರಿಕ ವಿಷಯದಲ್ಲಿ ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಲಿ. ಉಳಿದ ವಿಷಯದಲ್ಲಿ ತಪ್ಪಿದ್ದರೆ ಯಾರು ತಿದ್ದಬೇಕೋ ನನಗೆ ತಿಳಿಯದು.

ನಮ್ಮದು ಕಣ್ಣು ಕಾಣದವರಿಗೆ ಪುಸ್ತಕ ಮಾಡುವ ಮುದ್ರಣಾಲಯ. ಮಹಡಿಯ ಮೇಲೆ ಏಳು ಮೇಜು, ಏಳು ಕಂಪ್ಯೂಟರು. ಕೆಳಗೆ ಬ್ರೈಲ್ ಚುಕ್ಕಿ ಒತ್ತುವ ಯಂತ್ರ. ಅದು ಓಡುವಾಗ ಮಹಡಿಯ ಮೇಲಿನ ಕಿಟಕಿ ಗಾಜು ಗಡಗಡ ಅನ್ನುತ್ತದೆ, ಚಹಾ ಲೋಟ ತಾನಾಗಿ ಮೇಜಿನ ಅಂಚಿಗೆ ನಡೆದು ಬರುತ್ತದೆ. ನನ್ನದು ನಾಲ್ಕನೇ ಮೇಜು. ಶಾಲೆಯ ಪಾಠಗಳನ್ನು ಟೈಪ್ ಮಾಡಿ, ಅವನ್ನು ಚುಕ್ಕಿಗಳಾಗಿ ಬದಲಿಸಿ, ಕೆಳಗೆ ಕಳಿಸುವುದು ನನ್ನ ಕೆಲಸ.

ಬದಲಿಸುವುದಕ್ಕೆ ಚಿತ್ರ, ಗುಂಡಿ ಏನೂ ಇಲ್ಲ. ಒಂದು ಕಪ್ಪು ಕಿಟಕಿ ತೆರೆಯುತ್ತದೆ, ಅದಕ್ಕೆ ಶೆಲ್ ಎನ್ನುತ್ತಾರೆ. ಅದರಲ್ಲಿ 'ಚುಕ್ಕಿ' ಎಂದು ಟೈಪ್ ಮಾಡಿ, ಮುಂದೆ ಪಾಠದ ಹೆಸರು ಕೊಟ್ಟು, ಎಂಟರ್ ಒತ್ತಿದರೆ ಆಯಿತು. ಆ ಕಿಟಕಿ ತೆರೆಯುವಾಗಲೆಲ್ಲ ಒಂದು ಸೆಟ್ಟಿಂಗ್ ಫೈಲನ್ನು ಓದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದವರು ಹಲ್ಲುಜ್ಜಿ ಮುಖ ತೊಳೆದುಕೊಳ್ಳುವ ಹಾಗೆ.

ನನ್ನ ಸೆಟ್ಟಿಂಗ್ ಫೈಲ್ ಬರೆದುಕೊಟ್ಟವರು ಅಣ್ಣ. ಸ್ವಂತ ಅಣ್ಣ ಅಲ್ಲ. ಅವರು ನಮ್ಮ ವಿಭಾಗದ ಮೇಲ್ವಿಚಾರಕರು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದರು. ಆರು ವರ್ಷದ ಹಿಂದೆ ನಾನು ಸೇರಿದ ಮೊದಲ ವಾರ, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಆ ಫೈಲನ್ನು ತಾವೇ ಟೈಪ್ ಮಾಡಿದರು. ಮೊದಲ ಸಾಲಿನಲ್ಲಿ ಒಂದು ಮಾತು ಹಾಕಿದರು. ಅಂದಿನಿಂದ ದಿನಾ ಬೆಳಿಗ್ಗೆ ಕಿಟಕಿ ತೆರೆದಾಗ ಅದೇ ಬರುತ್ತದೆ: "ಬಂದೆಯಾ ತಂಗಿ? ಮೊದಲು ನೀರು ಕುಡಿ." ಫೈಲಿನ ನಡುವೆ ಇನ್ನೊಂದು ಸಾಲು ನನಗೋಸ್ಕರವೇ ಬರೆದಿದ್ದರು. ಕಂಪ್ಯೂಟರು ಓದದ, ಮನುಷ್ಯರು ಮಾತ್ರ ಓದುವಂಥ ಟಿಪ್ಪಣಿ: "ತಂಗಿ, ಇಲ್ಲಿಂದ ಕೆಳಗೆ ಮುಟ್ಟಬೇಡ. ಕೆಟ್ಟರೆ ನನಗೂ ಸರಿ ಮಾಡೋಕೆ ಬರಲ್ಲ."

ನಾನು ಮುಟ್ಟಲಿಲ್ಲ. ಆರು ವರ್ಷ ಮುಟ್ಟಲಿಲ್ಲ.

ಇನ್ನೊಂದು ಪದ್ಧತಿಯನ್ನೂ ಅವರೇ ತಂದದ್ದು. ಪಾಠ ಬದಲಾಗುವಾಗ ಕಂಪ್ಯೂಟರು ಏನಾದರೂ ತಕರಾರು ಹೇಳಿದರೆ, ಅದು ಪರದೆಯ ಮೇಲೆ ಬಂದು ಮಾಯವಾಗದೆ, ಮೊದಲ ಹಾಳೆಯ ಮೇಲೆ ಚುಕ್ಕಿಯಾಗಿಯೇ ಅಚ್ಚಾಗುತ್ತಿತ್ತು. ಯಾಕೆಂದರೆ ನಮ್ಮಲ್ಲಿ ಕರಡು ತಿದ್ದುವವರು ಹುಟ್ಟಿನಿಂದ ಕಣ್ಣು ಕಾಣದ ಹೆಂಗಸು. ಎಲ್ಲರೂ ಅವರನ್ನು ಕರಡಕ್ಕ ಎನ್ನುತ್ತೇವೆ. "ತಪ್ಪು ಆಗಿದ್ದು ಕಣ್ಣಿರೋರಿಗೆ ಮಾತ್ರ ಗೊತ್ತಾಗೋದು ನ್ಯಾಯ ಅಲ್ಲ, ಅಕ್ಕನ ಬೆರಳಿಗೂ ಗೊತ್ತಾಗಬೇಕು" ಎಂದಿದ್ದರು ಅಣ್ಣ. ಆವತ್ತು ಕರಡಕ್ಕನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದೇನೆ.

ಅಣ್ಣ ಬೇರೆ ಊರಿನ ದೊಡ್ಡ ಮುದ್ರಣಾಲಯಕ್ಕೆ ಹೊರಟರು. ಶನಿವಾರ ಬೀಳ್ಕೊಟ್ಟೆವು. ಅವರ ಜಾಗಕ್ಕೆ ನಮ್ಮೊಳಗೇ ಒಬ್ಬರನ್ನು ಆರಿಸುವುದಾಗಿಯೂ, ಮುಂದಿನ ಶುಕ್ರವಾರ ಸಂದರ್ಶನ ಇರುವುದಾಗಿಯೂ ಮುಖ್ಯಸ್ಥರು ಫಲಕದಲ್ಲಿ ಹಾಕಿಸಿದ್ದರು. ನಾನೂ ಅರ್ಜಿ ಕೊಟ್ಟಿದ್ದೆ. ಸಂಜೆ ತರಗತಿಯ ಮೂರು ವರ್ಷ ಆ ಅರ್ಜಿಗೋಸ್ಕರವೇ ಎಂದರೂ ಸರಿ.

ಹೋದ ವರ್ಷವೂ ಕೊಟ್ಟಿದ್ದೆ, ಹಿರಿಯ ಸಹಾಯಕಿಯ ಸ್ಥಾನಕ್ಕೆ. ಆಗ ಮುಖ್ಯಸ್ಥರು ಒಂದು ಹಾಳೆ ನೋಡಿಕೊಂಡು ಓದಿದ್ದರು: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಪಾಠ, ವಿಫಲ. ಇಂಥ ದಿನ, ಇಂಥ ಪಾಠ, ವಿಫಲ. ಒಟ್ಟು ನಲವತ್ತೊಂದು. ಒಂದೂ ಸುಳ್ಳಲ್ಲ. ಪ್ರತಿಯೊಂದನ್ನೂ ನಾನೇ ಮಾಡಿ, ನಾನೇ ತಿದ್ದಿ, ಸರಿಯಾದ ಮೇಲೇ ಕೆಳಗೆ ಕಳಿಸಿದ್ದೆ. ನೆಲ ಬಿರಿಯಬಾರದೇ ಅನ್ನಿಸಿತ್ತು. ಯಂತ್ರವೇ ಎಲ್ಲರ ಲೆಕ್ಕ ಇಡುತ್ತದೆ, ಉಳಿದವರದು ನಾಲ್ಕೋ ಐದೋ ಇರಬೇಕು, ನನ್ನದು ಮಾತ್ರ ನಲವತ್ತೊಂದು ಎಂದುಕೊಂಡೆ. ಹೊರಗೆ ಮೆಟ್ಟಿಲ ಮೇಲೆ ಅಣ್ಣ ಕಾಯುತ್ತಿದ್ದರು. "ನಾನು ಎಷ್ಟು ಹೇಳಿದೆ ತಂಗಿ, ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ" ಎಂದು ತಮ್ಮ ಕರವಸ್ತ್ರ ಕೊಟ್ಟರು. ಅದನ್ನು ಒಗೆದು, ಇಸ್ತ್ರಿ ಮಾಡಿ ವಾಪಸ್ ಕೊಟ್ಟೆ.

ಇಷ್ಟು ಹಿನ್ನೆಲೆ. ಇನ್ನು ಸೋಮವಾರದ ಮಾತು.

ಆರನೇ ತರಗತಿಯ ವಿಜ್ಞಾನದಲ್ಲಿ ಅಯಸ್ಕಾಂತದ ಪಾಠ ಕೆಳಗೆ ಕಳಿಸಿದ್ದೆ. ಹತ್ತೇ ನಿಮಿಷಕ್ಕೆ ಕರಡಕ್ಕ ಹಾಳೆ ಹಿಡಿದುಕೊಂಡು, ಕೈಗಂಬಿ ಸವರುತ್ತ ಮೇಲೆ ಬಂದರು.

"ಮಗಳೇ, ನಿನ್ನ ಕಂಪ್ಯೂಟರು ನನಗೆ ಪತ್ರ ಬರೆದಿದೆ."

"ಏನಂತೆ ಅಕ್ಕ?"

"ಪ್ರೇಮಪತ್ರ ಅಲ್ಲ ಬಿಡು, ನನ್ನ ಹಣೇಲಿ ಅದೆಲ್ಲಿ. 'ಹಳೆ, ನಾಲ್ಕು, ಟಿ: ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ.' ಅದಾದ ಮೇಲೆ ಅಯಸ್ಕಾಂತ ಶುರು."

'ಹಳೆ' ಎಂಬ ಫೋಲ್ಡರಿನೊಳಗೆ 'ನಾಲ್ಕು', ಅದರೊಳಗೆ 'ಟಿ'. ನಾಲ್ಕು ನನ್ನ ಮೇಜು. ನಾನೇ ಎಂದೋ ಏನೋ ಅಳಿಸಿಬಿಟ್ಟಿದ್ದೇನೆ ಎಂದುಕೊಂಡೆ. ಅಳಿಸಿದ್ದು ನೆನಪಿಲ್ಲ ಎನ್ನುವುದು ನನ್ನ ಮಟ್ಟಿಗೆ ಅಳಿಸಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಹೋಗುವವಳು ನಾನು.

ಇನ್ನೊಂದು ಪಾಠ ಹಾಕಿದೆ, ಅದೇ ಸಾಲು. ಗಣಿತ ಹಾಕಿದೆ, ಅದೇ. ಬರೀ 'ಅ' ಅಂತ ಒಂದಕ್ಷರದ ಪಾಠ ಮಾಡಿ ಹಾಕಿದೆ. ಒಂದಕ್ಷರಕ್ಕೆ ಒಂದು ಸಾಲು ತಕರಾರು. ಆಮೇಲೆ ಐದನೇ ಮೇಜಿನವರು ಚಹಾಕ್ಕೆ ಎದ್ದಾಗ, ಅವರನ್ನು ಕೇಳಿಕೊಂಡು, ಅವರ ಕಂಪ್ಯೂಟರಿನಲ್ಲಿ ಅದೇ 'ಅ' ಹಾಕಿ ನೋಡಿದೆ. ಏನೂ ಬರಲಿಲ್ಲ. ಹಾಳೆ ತೊಳೆದಿಟ್ಟ ತಟ್ಟೆಯ ಹಾಗೆ.

ಅಲ್ಲಿಗೆ ತೊಂದರೆ ಪಾಠದಲ್ಲಿಲ್ಲ, ಯಂತ್ರದಲ್ಲಿಲ್ಲ, ನನ್ನಲ್ಲಿದೆ. ಶುಕ್ರವಾರಕ್ಕೆ ನಾಲ್ಕು ದಿನ. ಮುಖ್ಯಸ್ಥರ ಹಾಳೆಯಲ್ಲಿ ನಲವತ್ತೆರಡನೆಯದಾಗಿ ಇದೇ ಕೂತರೆ ಈ ಜನ್ಮದಲ್ಲಿ ನನಗೆ ಆ ಕುರ್ಚಿ ಇಲ್ಲ.

ಮಂಗಳವಾರ ಪೂರ್ತಿ ಆ 'ಟಿ' ಫೈಲನ್ನು ಹುಡುಕಿದೆ. ಎಲ್ಲೂ ಇಲ್ಲ. ಸಂಜೆ ಮನೆಯಲ್ಲಿ ಸೊಪ್ಪು ಬಿಡಿಸುತ್ತ ನಮ್ಮೆಜಮಾನರ ಹತ್ತಿರ ಹೇಳಿಕೊಂಡೆ. ಅವರು ಬಸ್ ಓಡಿಸುವವರು, ಕಂಪ್ಯೂಟರ್ ಎಂದರೆ ಆಕಳಿಸುತ್ತಾರೆ.

"ಬಸ್ಸಲ್ಲಿ ಏನೋ ಶಬ್ದ ಬರ್ತಿದೆ ಅಂತಿಟ್ಕೋ" ಎಂದರು. "ಆ ಶಬ್ದದ ಹಿಂದೆ ಬಿದ್ರೆ ಹುಚ್ಚು ಹಿಡಿಯುತ್ತೆ. ಮೊದಲು ಜನರನ್ನೆಲ್ಲ ಇಳಿಸಿ ಖಾಲಿ ಬಸ್ ಓಡಿಸಿ ನೋಡ್ತೀವಿ. ಶಬ್ದ ಹೋಯ್ತಾ, ಬಸ್ಸಲ್ಲಿ ತೊಂದರೆ ಇಲ್ಲ, ಯಾರದ್ದೋ ಚೀಲದಲ್ಲಿದೆ."

"ಚೀಲ ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ?"

"ಅರ್ಧ ಜನರನ್ನ ಹತ್ತಿಸು."

ಅಷ್ಟು ಹೊತ್ತಿಗೆ ನಾನು ಸೊಪ್ಪು ಕಸದ ಬುಟ್ಟಿಗೆ, ದಂಟು ಪಾತ್ರೆಗೆ ಹಾಕಿದ್ದೆ. "ನಿನ್ನ ಕೈಲಿ ಇವತ್ತು ಕಡ್ಡಿ ಸಾರು" ಎಂದು ನಕ್ಕರು.

ಬುಧವಾರ ಬೆಳಿಗ್ಗೆ ಹಾಗೇ ಮಾಡಿದೆ. ಸೆಟ್ಟಿಂಗ್ ಫೈಲನ್ನು ಓದದ ಹಾಗೆ ಕಿಟಕಿ ತೆರೆದೆ. ಶೆಲ್‌ಗೆ ಹಾಗೂ ತೆರೆಯಲು ಬರುತ್ತದೆ. "ನೀರು ಕುಡಿ" ಎನ್ನುವ ಮಾತು ಬರಲಿಲ್ಲ. 'ಅ' ಹಾಕಿದೆ. ತಕರಾರಿನ ಸಾಲೂ ಬರಲಿಲ್ಲ. ಖಾಲಿ ಬಸ್ಸಿನಲ್ಲಿ ಶಬ್ದವಿರಲಿಲ್ಲ.

ಹಾಗಾದರೆ ಫೈಲಿನಲ್ಲೇ ಇದೆ. ಒಂದು ಪ್ರತಿ ಮಾಡಿಟ್ಟುಕೊಂಡೆ. ಪ್ರತಿ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದೆ, ಪ್ರತಿಯದ್ದೊಂದು ಪ್ರತಿಯನ್ನೂ ಮಾಡಿದೆ. ಆಮೇಲೆ ಮೇಲಿನ ಅರ್ಧ ಮಾತ್ರ ಇಟ್ಟು ಓಡಿಸಿದೆ. ಸಾಲು ಬರಲಿಲ್ಲ. ಉಳಿದದ್ದು ಕೆಳಗಿನ ಅರ್ಧ. "ತಂಗಿ, ಇಲ್ಲಿಂದ ಕೆಳಗೆ ಮುಟ್ಟಬೇಡ" ಎಂಬ ಟಿಪ್ಪಣಿಯ ಕೆಳಗಿನದು.

ಅಲ್ಲಿ ಎಷ್ಟು ಹೊತ್ತು ಕೈ ಕಟ್ಟಿಕೊಂಡು ಕೂತಿದ್ದೆನೋ. ದೊಡ್ಡವರ ಪೆಟ್ಟಿಗೆಯನ್ನು ಅವರಿಲ್ಲದಾಗ ತೆರೆಯುವ ಹಾಗೆ ಅನ್ನಿಸಿತು. ಅವರಿಗೇ ಫೋನ್ ಮಾಡಿ ಕೇಳೋಣವೆಂದರೆ, ಹೊಸ ಕೆಲಸಕ್ಕೆ ಸೇರಿ ಮೂರೇ ದಿನ, ಯಾಕೆ ತಲೆ ತಿನ್ನಲಿ. ಕೊನೆಗೆ ಮುಟ್ಟಿದೆ. ಹದಿನಾರು ಸಾಲು. ಅರ್ಧಕ್ಕೆ ಅರ್ಧ ಮಾಡುತ್ತ ಹೋದೆ. ಕೊನೆಗೆ ಒಂದೇ ಸಾಲು ಉಳಿಯಿತು. ಅದು ಇನ್ನೊಂದು ಫೈಲನ್ನು ಕರೆಯುತ್ತಿತ್ತು. ಹೆಸರು ಪೂರ್ಣವಿರಾಮದಂಥ ಒಂದು ಬಿಂದುವಿನಿಂದ ಶುರುವಾಗುವ, ಸಾಮಾನ್ಯವಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳದ ಫೈಲ್.

ಸಂಜೆ ತರಗತಿಯ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಕಮಾಂಡ್ ಹೀಗ್ಯಾಕೆ ಮಾಡುತ್ತೆ ಅಂತ ಕೇಳಬೇಡಿ, ನೀನು ಯಾರು ಅಂತ ಕೇಳಿ. ಅದಕ್ಕೆ ಶೆಲ್‌ನಲ್ಲಿ ಒಂದು ಪದವಿದೆ. ಆ ಪದದ ಮುಂದೆ 'ಚುಕ್ಕಿ' ಎಂದು ಟೈಪ್ ಮಾಡಿದೆ. ನಾನು ಆರು ವರ್ಷ 'ಚುಕ್ಕಿ' ಎಂದರೆ ನಮ್ಮ ಮುದ್ರಣಾಲಯದ ಪ್ರೋಗ್ರಾಂ ಎಂದುಕೊಂಡಿದ್ದೆ. ನನ್ನ ಮೇಜಿನಲ್ಲಿ ಆ ಹೆಸರು ಕೂಗಿದರೆ ಬೇರೆ ಯಾರೋ ಓಗೊಡುತ್ತಿದ್ದರು. ಆ ಗುಟ್ಟಿನ ಫೈಲಿನಲ್ಲಿ ಅದೇ ಹೆಸರಿನ ಆರೇಳು ಸಾಲಿನ ಸಣ್ಣ ಪ್ರೋಗ್ರಾಂ ಇತ್ತು. ಅದು ಮೊದಲು ನಿಜವಾದ ಚುಕ್ಕಿಯನ್ನು ಓಡಿಸುತ್ತಿತ್ತು. ನನಗೆ ಬೇಕಾದದ್ದು ನನಗೆ ಸಿಗುತ್ತಿತ್ತು. ಆಮೇಲೆ ದಿನ, ಹೊತ್ತು, ಪಾಠದ ಹೆಸರು, ಆಯಿತೋ ವಿಫಲವೋ ಎಂಬುದನ್ನು ಒಂದು ಸಾಲು ಮಾಡಿ, ಅಣ್ಣನ ಖಾತೆಯೊಳಗಿನ 'ಹಳೆ' ಫೋಲ್ಡರಿನಲ್ಲಿ, 'ನಾಲ್ಕು' ಎಂಬಲ್ಲಿ, 'ಟಿ' ಎಂಬ ಫೈಲಿಗೆ ಸೇರಿಸುತ್ತಿತ್ತು.

ಶನಿವಾರ ಅಣ್ಣ ಹೋದರು. ಭಾನುವಾರ ಕಚೇರಿಯವರು ನಿಯಮದಂತೆ ಅವರ ಖಾತೆಯನ್ನು, ಅದರೊಳಗಿನ ಫೋಲ್ಡರುಗಳ ಸಮೇತ, ಅಳಿಸಿದರು. ಸೋಮವಾರ ಬರೆಯುವ ಜಾಗ ಸಿಗದೆ ಅದು ತಕರಾರು ಹೇಳಿತು. ತಕರಾರು ಮೊದಲ ಹಾಳೆಯ ಮೇಲೆ ಬರಬೇಕೆಂದು ಅವರೇ ಮಾಡಿದ ಪದ್ಧತಿಯಂತೆ, ಬಂತು.

ದಿನ, ಹೊತ್ತು, ಪಾಠ, ವಿಫಲ. ಈ ನಾಲ್ಕು ಪದ ಇದೇ ಅನುಕ್ರಮದಲ್ಲಿ ನಾನು ಮೊದಲೂ ಕೇಳಿದ್ದೆ. ಕೂತು ಕೇಳಿದ್ದೆ, ತಲೆ ತಗ್ಗಿಸಿ.

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಆ ಕರವಸ್ತ್ರಕ್ಕೆ ನಾನು ಇಸ್ತ್ರಿ ಮಾಡಿದ್ದು ನೆನಪಾಯಿತು.

ಆ ಗುಟ್ಟಿನ ಫೈಲಿನ ತಾರೀಖು ನೋಡಿದೆ. ಮೂರು ವರ್ಷದ ಹಿಂದಿನದು. ನಾನು ಸಂಜೆ ತರಗತಿಗೆ ಸೇರಿದ ವಾರ. ಆ ತರಗತಿಯ ಅರ್ಜಿಗೆ ಕಚೇರಿಯ ಒಪ್ಪಿಗೆ ಬೇಕಿತ್ತು, ಅದಕ್ಕೆ ಸಹಿ ಹಾಕಿದವರು ಅಣ್ಣನೇ. "ಓದು ತಂಗಿ, ನನ್ನ ಕುರ್ಚಿಗೇ ಬಂದು ಕೂರುವಷ್ಟು ಓದು" ಎಂದು ನಕ್ಕು ಸಹಿ ಹಾಕಿದ್ದರು.

ಉಳಿದವರ ಫೈಲಿನಲ್ಲೂ ಇರಬಹುದು, ನಾನೇ ದೊಡ್ಡದು ಮಾಡುತ್ತಿದ್ದೇನೆ ಎಂದು ಒಬ್ಬೊಬ್ಬರನ್ನೇ ಕೇಳಿ ನೋಡಿದೆ. ಆರು ಮೇಜಿನಲ್ಲೂ ಚುಕ್ಕಿ ಚುಕ್ಕಿಯೇ ಆಗಿತ್ತು.

ಗುರುವಾರ ಕೆಳಗೆ ಹೋಗಿ ಕರಡಕ್ಕನಿಗೆ ಹೇಳಿದೆ. ಅವರು ಹಾಳೆಯ ಮೇಲಿನ ಬೆರಳು ನಿಲ್ಲಿಸಲಿಲ್ಲ.

"ನಿನ್ನ ತಪ್ಪು ನನ್ನ ಬೆರಳಿಗೆ ಆರು ವರ್ಷದಿಂದ ಗೊತ್ತು" ಎಂದರು. "ಉಳಿದವರದ್ದೂ ಗೊತ್ತು. ಅವನದ್ದೂ ಗೊತ್ತು. ನಿನ್ನದು ನನ್ನವರೆಗೆ ಬರೋದೇ ಕಡಿಮೆ. ಬೇಕಾದ್ರೆ ಮುಖ್ಯಸ್ಥರ ಎದುರು ಬಂದು ಹೇಳ್ತೀನಿ."

"ಬೇಡ ಅಕ್ಕ."

"ಬೇಡ ಅನ್ನೋದು ನಿನಗೆ ಚಟ" ಎಂದರು. ಆಮೇಲೆ ಬೆರಳು ನಿಲ್ಲಿಸಿ, "ನನಗೋಸ್ಕರ ಮಾಡಿದ ಪದ್ಧತಿ ಅಂತ ನಂಬಿದ್ದೆ ನಾನು" ಎಂದರು. ಅದು ನನಗೆ ಹೇಳಿದ್ದಲ್ಲ ಅನ್ನಿಸಿತು. ಅದು ಮಾತ್ರ ನಿಜಕ್ಕೂ ನಿಮಗೋಸ್ಕರವೇ ಇರಬಹುದು ಅಕ್ಕ ಎನ್ನಬೇಕೆಂದುಕೊಂಡೆ. ಖಚಿತವಿಲ್ಲದ್ದನ್ನು ಹೇಗೆ ಹೇಳಲಿ ಎಂದು ಮೆಟ್ಟಿಲು ಹತ್ತಿ ಮೇಲೆ ಬಂದೆ.

ಮಧ್ಯಾಹ್ನ ಊಟದ ಹೊತ್ತಿಗೆ, ಅದೇ ಮೆಟ್ಟಿಲ ಮೇಲೆ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ.

"ಏನಮ್ಮ ತಂಗಿ" ಎಂದರು, ಅದೇ ದನಿ. "ಊಟ ಆಯ್ತಾ? ನಾಳೆ ಸಂದರ್ಶನ ಅಲ್ವಾ? ಹೆದರಬೇಡ, ಚೆನ್ನಾಗಿ ಮಾಡ್ತೀಯ. ಎಲ್ಲ ಸರಿ ಓಡ್ತಿದೆ ತಾನೇ?"

"ಒಂದು ಸಾಲು ಬರ್ತಿದೆ ಅಣ್ಣ" ಎಂದೆ. ಚೀಟಿ ಓದಲು ಆಗಲಿಲ್ಲ. "ಬೇಡದ ಸಾಲು. ಮೊದಲ ಹಾಳೆ ಮೇಲೆ."

ಆ ಕಡೆ ಯಾವುದೋ ಯಂತ್ರದ ಸದ್ದು ಕೇಳುತ್ತಿತ್ತು. ನಮ್ಮದಕ್ಕಿಂತ ದೊಡ್ಡ ಯಂತ್ರ.

"ತೆಗೆದುಹಾಕು ಅದನ್ನ" ಎಂದರು. "ಇನ್ನು ಅದು ಬೇಕಾಗಿಲ್ಲ."

ಯಾವ ಸಾಲು ಎಂದು ಅವರು ಕೇಳಲಿಲ್ಲ. ಏನೆಂದು ಬರುತ್ತಿದೆ, ಯಾವಾಗಿನಿಂದ, ಎಲ್ಲ ಪಾಠಕ್ಕೂ ಬರುತ್ತಿದೆಯಾ ಎಂದೂ ಕೇಳಲಿಲ್ಲ. ಆರು ವರ್ಷದಲ್ಲಿ ನಾನು ಯಾವ ತೊಂದರೆ ತೆಗೆದುಕೊಂಡು ಹೋದರೂ ಮೊದಲು ಹತ್ತು ಪ್ರಶ್ನೆ ಕೇಳುತ್ತಿದ್ದ ಮನುಷ್ಯ.

"ಯಾಕಣ್ಣ?" ಎಂದೆ.

"ಇಲ್ಲಿ ಕರೀತಿದ್ದಾರೆ ತಂಗಿ. ಆಮೇಲೆ ಮಾತಾಡೋಣ" ಎಂದರು.

ಶುಕ್ರವಾರ ಮುಖ್ಯಸ್ಥರ ಕೋಣೆಗೆ ಮೊದಲ ಹಾಳೆಯನ್ನೂ, ಆ ಗುಟ್ಟಿನ ಫೈಲಿನ ಮುದ್ರಿತ ಪ್ರತಿಯನ್ನೂ ತೆಗೆದುಕೊಂಡು ಹೋದೆ. ಅವರು ಹೋದ ವರ್ಷದ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಅದನ್ನು ಅವರು ಕೈಗೆತ್ತಿಕೊಳ್ಳುವ ಮೊದಲೇ ನಾನು ಮಾತಾಡಿಬಿಟ್ಟೆ. ಬೆವರು ಕಿವಿಯ ಹಿಂದೆ ಇಳಿಯುವುದು ಗೊತ್ತಾಗುತ್ತಿತ್ತು. ನಡುವೆ ಎರಡು ಸಲ "ನನ್ನದೇ ತಪ್ಪಿದ್ದರೆ ಹೇಳಿ ಸರ್" ಎಂದೆ. ಅದನ್ನು ಹೇಳಬಾರದಿತ್ತು ಎಂದು ನಮ್ಮೆಜಮಾನರು ಆಮೇಲೆ ಬೈದರು.

ಅವರು ಪ್ರತಿಯನ್ನು ಪೂರ್ತಿ ಓದಿದರು. ಕನ್ನಡಕ ತೆಗೆದರು.

"ನೋಡಮ್ಮ, ಪಟ್ಟಿ ಕೇಳಿದ್ದು ನಾನೇ" ಎಂದರು. "ಏಳೂ ಜನರದ್ದು ಕೊಡು ಅಂದಿದ್ದೆ. ಅವನು ನಿನ್ನದೊಂದು ತಂದುಕೊಟ್ಟು, ಉಳಿದವರದ್ದು ಹೇಳುವಂಥದ್ದೇನಿಲ್ಲ ಅಂದ."

"ಉಳಿದವರದ್ದು ಬರೆದೇ ಇಟ್ಟಿರಲಿಲ್ಲ ಸರ್. ಏನಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಮುಖ್ಯಸ್ಥರು ಹೋದ ವರ್ಷದ ಹಾಳೆಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು, ಮೊದಲ ಸಲ ನೋಡುವವರ ಹಾಗೆ. ಅದನ್ನು ಹರಿದುಹಾಕಲಿಲ್ಲ. ಮತ್ತೆ ಕಡತದೊಳಗೆ ಇಟ್ಟರು. ಆಮೇಲೆ ಕೆಲಸದ ಬಗ್ಗೆ ಪ್ರಶ್ನೆ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಎರಡಕ್ಕೆ ಗೊತ್ತಿಲ್ಲ ಎಂದೆ.

ನಾನು ಏಳುವಾಗ ಅವರು ಹೇಳಿದರು: "ಸದ್ಯಕ್ಕೆ ಒಂದು ವರ್ಷ ನೀನೇ ನೋಡ್ಕೋ. ಆದರೆ ಪಟ್ಟಿ ಈ ವರ್ಷವೂ ಬೇಕು. ಎಲ್ಲರದ್ದೂ. ಹೇಗೆ ಮಾಡೋದು ಅಂತ ಈಗ ನಿನಗೂ ಗೊತ್ತಾಗಿದೆಯಲ್ಲ."

ಬಯಸಿದ ಕುರ್ಚಿ ಸಿಕ್ಕಿತ್ತು. ನಾನು ಎದುರು ಮಾತಾಡುವವಳಲ್ಲ. ಆದರೂ ಬಾಯಿಂದ ಬಂತು.

"ಲೆಕ್ಕ ಬರೆಯೋ ಆ ಸಾಲು ಹಾಕ್ತೀನಿ ಸರ್. ಏಳು ಜನರನ್ನೂ ಕೂರಿಸಿ, ಹೇಳಿಯೇ ಹಾಕ್ತೀನಿ. ಮೊದಲು ನನ್ನ ಫೈಲಿಗೆ. ಬರೆದಿದ್ದು ಯಾರು ಬೇಕಾದರೂ ತೆಗೆದು ಓದೋ ಹಾಗೆ, ಕರಡಕ್ಕನ ಬೆರಳಿಗೂ ಸಿಗೋ ಹಾಗೆ. ಅದಾಗಲ್ಲ ಅಂದ್ರೆ, ಈ ಕುರ್ಚಿ ನನಗೆ ಬೇಡ."

"ನೋಡೋಣ" ಎಂದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಇದಾಗಿ ಮೂರು ವಾರ. ಅಣ್ಣನ ಕುರ್ಚಿಯಲ್ಲಿ ಕೂತಿದ್ದೇನೆ, ತುದಿಯಲ್ಲಿ. ಆ ಗುಟ್ಟಿನ ಸಾಲನ್ನು ತೆಗೆದಿದ್ದೇನೆ. ಮೊದಲ ಹಾಳೆ ಈಗ ಸ್ವಚ್ಛವಾಗಿ ಬರುತ್ತದೆ. "ಬಂದೆಯಾ ತಂಗಿ? ಮೊದಲು ನೀರು ಕುಡಿ" ಎನ್ನುವ ಸಾಲನ್ನು ತೆಗೆಯಲು ದಿನಾ ಫೈಲ್ ತೆರೆಯುತ್ತೇನೆ, ದಿನಾ ಮುಚ್ಚುತ್ತೇನೆ. ನೀರು ಮಾತ್ರ ಕುಡಿಯುತ್ತಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಮುಗಿಸುತ್ತೇನೆ. ಮುಖ್ಯಸ್ಥರು ನನ್ನ ಮಾತಿಗೆ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ನಲವತ್ತೊಂದರ ಹಾಳೆ ಇನ್ನೂ ಕಡತದಲ್ಲಿದೆಯೋ ಗೊತ್ತಿಲ್ಲ. ಅಣ್ಣ ಮತ್ತೆ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಮುಖ್ಯಸ್ಥರು ಪಟ್ಟಿ ಕೇಳುವ ಎರಡು ವರ್ಷ ಮೊದಲೇ ಅಣ್ಣ ಅದನ್ನು ಬರೆಯಲು ಯಾಕೆ ಶುರು ಮಾಡಿದರು, ಏಳು ಜನರಲ್ಲಿ ನನ್ನನ್ನೇ ಯಾಕೆ ಆರಿಸಿಕೊಂಡರು, ನನಗೆ ಗೊತ್ತಿಲ್ಲ.